ಮರಳಿ ಬಂದ ಹಣಕ್ಕೊಂದು ಕಾಲಂ

ಎರಡು ವರ್ಷಗಳ ಹಿಂದೆ ಫೋನಿನಲ್ಲಿ ನಾನು ಆಡಿದ ಒಂದು ಮಾತು ಇಂದಿಗೂ ನನ್ನನ್ನು ಕೊರೆಯುತ್ತಿದೆ. ಯುವಕ ಯುವತಿಯರು ತಾವೇ ಯೋಚಿಸಿ, ತಾವೇ ಮುಂದೆ ನಿಂತು ನಡೆಸುವ ಸಮುದಾಯದ ಕೆಲಸಗಳಿಗೆ ಸಣ್ಣ ಮೊತ್ತದ ಅನುದಾನ ಕೊಡುವ ಕಾರ್ಯಕ್ರಮವೊಂದರ ಹೊಣೆ ನನ್ನದು. ಅಂದು ಕರೆ ಮಾಡಿದವಳು ಐದು ಜನರ ಒಂದು ತಂಡದ ಲೆಕ್ಕ ನೋಡಿಕೊಳ್ಳುತ್ತಿದ್ದ 19 ವರ್ಷದ ಹುಡುಗಿ. ಸಂಜೆಯ ಹೊತ್ತು ಮಕ್ಕಳು ಬಂದು ಕೂತು ಓದಿಕೊಳ್ಳಲು ಒಂದು ಕೋಣೆಯನ್ನು ನಡೆಸುತ್ತೇವೆಂದು ಅವರು ಅರ್ಜಿ ಹಾಕಿದ್ದರು, ಆಯ್ಕೆಯಾಗಿದ್ದರು, ಎರಡು ಕಂತಿನ ಹಣವೂ ಅವರ ಕೈ ಸೇರಿತ್ತು. "ಮೇಡಂ, ಕೋಣೆ ಮುಚ್ಚಿದ್ದೇವೆ. ಮೂರರಲ್ಲಿ ಒಂದು ಪಾಲು ಹಣ ಉಳಿದಿದೆ. ಯಾವ ಖಾತೆಗೆ ವಾಪಸ್ ಹಾಕಬೇಕು ಅಂತ ಕೇಳೋಣ ಅಂತ ಫೋನ್ ಮಾಡಿದೆ" ಎಂದಳು. ನಾನು ಯೋಚಿಸದೆ ಉತ್ತರಿಸಿದೆ: "ಅವಧಿ ಮುಗಿಯೋಕೆ ಇನ್ನೂ ಮೂರು ವಾರ ಇದೆಯಲ್ಲಮ್ಮಾ, ಅಷ್ಟರೊಳಗೆ ಯಾವುದಾದರೂ ಒಳ್ಳೆಯ ಕೆಲಸಕ್ಕೆ ಖರ್ಚು ಮಾಡಿ ಮುಗಿಸಿಬಿಡಿ." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವಳು ಕೇಳಿದಳು, "ಯಾವ ಕೆಲಸಕ್ಕೆ, ಮೇಡಂ?"

ಅವಳ ದನಿಯಲ್ಲಿ ಆಕ್ಷೇಪ ಇರಲಿಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದ ಪ್ರಶ್ನೆ ಅದು, ಮತ್ತು ನನ್ನಲ್ಲಿ ಉತ್ತರವಿರಲಿಲ್ಲ. ಅನುದಾನದ ಕೆಲಸದಲ್ಲಿ ಇರುವವರಿಗೆ ನಾನೇಕೆ ಹಾಗೆ ಹೇಳಿದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಖರ್ಚಾಗದೆ ಉಳಿದ ಹಣ ಕಚೇರಿಯಲ್ಲಿ ಎಲ್ಲರಿಗೂ ಇರಿಸುಮುರಿಸು ತರುತ್ತದೆ. ಆಯ್ಕೆ ಸರಿಯಾಗಿ ಮಾಡಲಿಲ್ಲವೆಂದು ದಾನಿಗಳು ಭಾವಿಸಬಹುದು. ಇವರಿಗೆ ಇಷ್ಟು ಹಣ ಬೇಕಿರಲಿಲ್ಲವೆಂದು ಮುಂದಿನ ವರ್ಷದ ಬಜೆಟ್ಟನ್ನೇ ಕಡಿತ ಮಾಡಬಹುದು. ಲೆಕ್ಕಪರಿಶೋಧನೆಯ ಹೊತ್ತಿಗೆ ಆ ಒಂದು ಸಾಲಿಗೆ ಪ್ರತ್ಯೇಕ ವಿವರಣೆ ಬರೆಯಬೇಕಾಗಬಹುದು. ಇವೆಲ್ಲ ಸೇರಿ ನನ್ನ ಬಾಯಿಂದ ಆ ಮಾತು ಹೊರಬಂದಿತು. ಹಾಗೆಂದು ಇವುಗಳಲ್ಲಿ ಒಂದೂ ಆ ಹುಡುಗಿಯ ಚಿಂತೆಯಾಗಬೇಕಿರಲಿಲ್ಲ.

ಬೀಗದ ಕೈ ಯಾರ ಬಳಿ

ಆ ತಂಡ ಆಯ್ಕೆಯಾದ ದಿನದಿಂದಲೇ ಹೇಳುತ್ತೇನೆ. ಆ ಸುತ್ತಿನಲ್ಲಿ ಆಯ್ಕೆ ಸಮಿತಿಯಲ್ಲಿ ಇಬ್ಬರು ಯುವ ಸದಸ್ಯರನ್ನು ಮೊದಲ ಬಾರಿಗೆ ಸೇರಿಸಿಕೊಂಡಿದ್ದೆವು. ಮೇಜಿನ ಮೇಲೆ ಎರಡು ಅರ್ಜಿಗಳು ಉಳಿದಿದ್ದವು, ಹಣ ಇದ್ದದ್ದು ಒಂದಕ್ಕೆ. ಒಂದು ಅರ್ಜಿ ನೋಡಲು ಬಲು ಅಚ್ಚುಕಟ್ಟಾಗಿತ್ತು. ಗುರಿ, ಉದ್ದೇಶ, ಚಟುವಟಿಕೆ, ಫಲಿತಾಂಶ, ಸೂಚಕ ಎಂದು ಎಲ್ಲವೂ ಪಟ್ಟಿಯಲ್ಲಿ ಅದರದರ ಸ್ಥಾನದಲ್ಲಿತ್ತು. ಬಜೆಟ್ಟಿನ ಮೊತ್ತ ನಾವು ಗೊತ್ತುಮಾಡಿದ್ದ ಗರಿಷ್ಠ ಮಿತಿಗೆ ಕರಾರುವಾಕ್ಕಾಗಿ ಸರಿಹೊಂದುತ್ತಿತ್ತು. ಇನ್ನೊಂದನ್ನು ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸಿದ್ದರು, ಎರಡನೆಯ ಪುಟದ ಅಂಚು ಕತ್ತರಿಸಿಹೋಗಿತ್ತು. ಹಿರಿಯ ಸದಸ್ಯರೆಲ್ಲ ಮೊದಲನೆಯದಕ್ಕೆ ಹೆಚ್ಚು ಅಂಕ ಕೊಟ್ಟಿದ್ದೆವು. ನಾನೂ ಕೊಟ್ಟಿದ್ದೆ.

ಆಗ ಯುವ ಸದಸ್ಯರಲ್ಲಿ ಒಬ್ಬಳು ಒಂದು ಮಾತು ಹೇಳಿದಳು. "ಈ ಅರ್ಜಿಯಲ್ಲಿ ಮನುಷ್ಯರೇ ಕಾಣಿಸುತ್ತಿಲ್ಲ. 'ತರಬೇತಿ ನೀಡಲಾಗುವುದು', 'ಜಾಗೃತಿ ಮೂಡಿಸಲಾಗುವುದು' ಅಂತಿದೆ. ಯಾರು ನೀಡುತ್ತಾರೆ, ಯಾರು ಮೂಡಿಸುತ್ತಾರೆ ಅಂತ ಎಲ್ಲೂ ಇಲ್ಲ. ಇನ್ನೊಂದನ್ನು ನೋಡಿ, ಕೋಣೆಯ ಬೀಗದ ಕೈ ಯಾವ ವಾರ ಯಾರ ಬಳಿ ಇರುತ್ತದೆ ಅಂತಲೂ ಬರೆದಿದ್ದಾರೆ." ನಾವೆಲ್ಲ ಮತ್ತೆ ಆ ಹಾಳೆಯನ್ನು ತೆಗೆದು ನೋಡಿದೆವು. ಹೌದು, ಐದು ಹೆಸರು, ಐದು ವಾರ, ಬೀಗದ ಕೈ ಹಸ್ತಾಂತರವಾಗುವ ದಿನ. ಪರೀಕ್ಷೆ ಇರುವ ವಾರದಲ್ಲಿ ಯಾರ ಬದಲು ಯಾರು ಎಂಬುದು ಕೂಡ. ಐದು ಜನರೂ ಜೊತೆಯಲ್ಲಿ ಕೂತು ಮಾತಾಡಿಕೊಂಡಿದ್ದಾರೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ನಮ್ಮ ಅಂಕಪಟ್ಟಿಯಲ್ಲಿ ಅದಕ್ಕೆ ಒಂದು ಅಂಕವೂ ಇರಲಿಲ್ಲ. ಭಾಷೆಯ ಸ್ಪಷ್ಟತೆಗೆ ಹತ್ತು ಅಂಕ ಇತ್ತು.

ಯುವಜನರಿಗೆ ಹಣದ ನಿರ್ಧಾರವನ್ನು ಬಿಟ್ಟುಕೊಡಬಹುದೇ ಎಂದು ಅನುಮಾನಿಸುವವರಿಗೆ ನಾನು ಈ ಪ್ರಸಂಗವನ್ನು ಹೇಳುತ್ತೇನೆ. ದೊಡ್ಡ ಮಟ್ಟದ ಉದಾಹರಣೆಗಳೂ ಇವೆ. ಸಾರ್ವಜನಿಕ ಹಣದ ಒಂದು ಪಾಲನ್ನು ಎಲ್ಲಿ ವಿನಿಯೋಗಿಸಬೇಕೆಂದು ನಿವಾಸಿಗಳೇ ತೀರ್ಮಾನಿಸುವ ಪದ್ಧತಿ 1989ರಲ್ಲಿ ಬ್ರೆಜಿಲಿನ ಪೋರ್ಟೊ ಅಲೆಗ್ರೆ ನಗರದಲ್ಲಿ ಶುರುವಾಯಿತು. 2014ರಲ್ಲಿ ಅಮೆರಿಕದ ಬಾಸ್ಟನ್ ನಗರಾಡಳಿತವು ಹತ್ತು ಲಕ್ಷ ಡಾಲರ್‌ಗಳ ಬಳಕೆಯ ನಿರ್ಧಾರವನ್ನು 12ರಿಂದ 25 ವರ್ಷದೊಳಗಿನವರ ಮತಕ್ಕೆ ಬಿಟ್ಟಿತು. ಅದರ ಪಕ್ಕದಲ್ಲಿ ನಮ್ಮದು ತೀರಾ ಸಣ್ಣ ಮೇಜು. ಆದರೆ ಒಂದು ವಿಷಯದಲ್ಲಿ ಎಚ್ಚರ ಬೇಕು ಎಂಬುದನ್ನು ನಾವು ತಡವಾಗಿ ಕಲಿತೆವು. ಹಿರಿಯರು ಏಳು ಜನ, ಯುವಜನರು ಇಬ್ಬರು ಎಂದಾದರೆ ಆ ಇಬ್ಬರು ಹೆಚ್ಚಿನ ಪಾಲು ಸುಮ್ಮನಿರುತ್ತಾರೆ. ಅಂದು ಆ ಹುಡುಗಿ ಬಾಯಿ ತೆರೆದದ್ದು ಅವಳ ಧೈರ್ಯವೇ ಹೊರತು ನಮ್ಮ ವ್ಯವಸ್ಥೆಯ ಹೆಚ್ಚುಗಾರಿಕೆಯಲ್ಲ.

ಸಹಿ ಹಾಕುವ ಹಿರಿಯರು

ಯುವಜನರು ಎಂದರೆ ಯಾರು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸುಲಭವಾಗಿ ಕಾಣುತ್ತದೆ. ಅಂಕಿ ಅಂಶಗಳ ಉದ್ದೇಶಕ್ಕಾಗಿ ವಿಶ್ವಸಂಸ್ಥೆ 15ರಿಂದ 24 ವರ್ಷದವರನ್ನು ಯುವಜನರೆಂದು ಎಣಿಸುತ್ತದೆ. ಯುವಜನರು ಮತ್ತು ಶಾಂತಿಯ ಕುರಿತು ಭದ್ರತಾ ಮಂಡಳಿ 2015ರಲ್ಲಿ ಅಂಗೀಕರಿಸಿದ 2250ನೆಯ ನಿರ್ಣಯ 18ರಿಂದ 29 ಎನ್ನುತ್ತದೆ. 2006ರ ಆಫ್ರಿಕನ್ ಯುವ ಸನ್ನದು 15ರಿಂದ 35 ಎನ್ನುತ್ತದೆ. ನಾವು 16ರಿಂದ 25 ಎಂದು ಗೊತ್ತುಮಾಡಿಕೊಂಡೆವು. ಆದರೆ ನಿಜವಾದ ಗೆರೆ ಬಿದ್ದಿರುವುದು ಈ ಎಲ್ಲ ಸಂಖ್ಯೆಗಳ ಆಚೆ, ಬ್ಯಾಂಕ್ ಖಾತೆಯ ಮತ್ತು ಒಪ್ಪಂದಪತ್ರದ ಬಳಿ. ಹದಿನಾರರ ಹುಡುಗ ತಂಡವನ್ನು ಮುನ್ನಡೆಸಬಹುದು, ಅವನ ಒಂದು ಸಹಿಯ ಮೇಲೆ ಹಣ ಬಿಡುಗಡೆ ಮಾಡಲು ಮಾತ್ರ ಬರುವುದಿಲ್ಲ. ತಂಡಗಳಿಗೆ ನೋಂದಣಿ ಇರುವುದಿಲ್ಲ, ತಮ್ಮ ಹೆಸರಿನ ಖಾತೆ ಇರುವುದಿಲ್ಲ. ಹೀಗಾಗಿ ಹಣ ಒಂದು ನೋಂದಾಯಿತ ಸಂಸ್ಥೆಯ ಮೂಲಕವೋ ಒಬ್ಬ ಹಿರಿಯರ ಜಂಟಿ ಸಹಿಯ ಖಾತೆಯ ಮೂಲಕವೋ ಹೋಗಬೇಕಾಗುತ್ತದೆ.

ಇಲ್ಲಿ ಒಂದು ತಿರುವು ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ. ಸಹಿ ಹಾಕುವವರು ಮೊದಲು ಸಲಹೆ ಕೊಡುತ್ತಾರೆ, ಆಮೇಲೆ ಚೆಕ್ಕಿಗೆ ಸಹಿ ಹಾಕುವ ಮುನ್ನ ವಿವರ ಕೇಳುತ್ತಾರೆ, ಆಮೇಲೆ ಉದ್ಘಾಟನೆಯ ದಿನವನ್ನು ತಮ್ಮ ಅನುಕೂಲಕ್ಕೆ ಗೊತ್ತುಮಾಡುತ್ತಾರೆ. ಒಂದು ತಂಡದ ಕಾರ್ಯಕ್ರಮಕ್ಕೆ ನಾನು ಹೋದಾಗ ವೇದಿಕೆಯ ಮೇಲಿದ್ದವರೆಲ್ಲ ಹಿರಿಯರು. ಯೋಜನೆಯನ್ನು ಬರೆದ ಮಕ್ಕಳು ಹಿಂದಿನ ಸಾಲಿನಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಮಾಡಿರಲಿಲ್ಲ. ಮಕ್ಕಳ ಪಾಲ್ಗೊಳ್ಳುವಿಕೆಯ ಬಗ್ಗೆ ರೋಜರ್ ಹಾರ್ಟ್ ಬರೆದು 1992ರಲ್ಲಿ ಯುನಿಸೆಫ್ ಪ್ರಕಟಿಸಿದ ಪ್ರಬಂಧದಲ್ಲಿ ಎಂಟು ಮೆಟ್ಟಿಲಿನ ಒಂದು ಏಣಿ ಬರುತ್ತದೆ. ಕೆಳಗಿನ ಮೂರು ಮೆಟ್ಟಿಲುಗಳನ್ನು, ಅಂದರೆ ಮಕ್ಕಳನ್ನು ತಮ್ಮ ಉದ್ದೇಶಕ್ಕೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಕರೆಯುವುದು, ಇವನ್ನು ಅವರು ಪಾಲ್ಗೊಳ್ಳುವಿಕೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಏಣಿಯನ್ನು ಬಹಳ ಜನ ಉಲ್ಲೇಖಿಸುತ್ತಾರೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ತುದಿ. ಅಲ್ಲಿರುವುದು ಮಕ್ಕಳೇ ಎಲ್ಲವನ್ನೂ ನಡೆಸುವ ಸ್ಥಿತಿ ಎಂದು ನಾನು ನೆನಪಿಟ್ಟುಕೊಂಡಿದ್ದೆ. ಮತ್ತೆ ಓದಿದಾಗ ಅದು ಏಳನೆಯ ಮೆಟ್ಟಿಲು ಎಂದು ಕಂಡಿತು. ಎಂಟನೆಯದು, ಮಕ್ಕಳು ಆರಂಭಿಸಿ ದೊಡ್ಡವರೊಂದಿಗೆ ಕೂಡಿ ನಿರ್ಧಾರ ಕೈಗೊಳ್ಳುವುದು.

ಹಾಗಾದರೆ ನನ್ನಂಥವಳಿಗೆ ಅಲ್ಲೊಂದು ಸ್ಥಾನವಿದೆ. ಕೈಕಟ್ಟಿ ದೂರ ನಿಲ್ಲುವುದು ನನ್ನ ಕೆಲಸವಲ್ಲ. ತಂಡದವರು ಒಂದು ಪ್ರಶ್ನೆ ತಂದಾಗ ಅದರ ಜೊತೆಗೆ ಕೂತು ಯೋಚಿಸುವುದು ನನ್ನ ಕೆಲಸ. ಆ ಹುಡುಗಿ ಫೋನ್ ಮಾಡಿದ್ದು ಅದಕ್ಕೇ, ನಾನು ಕೊಟ್ಟಿದ್ದು ಗಡುವಿನ ತಾರೀಖು.

ಮೂರು ವೋಚರುಗಳು

ಹಣದ ವಿಷಯದಲ್ಲಿ ನಮ್ಮ ಬಿಗಿತನಕ್ಕೆ ಕಾರಣಗಳಿಲ್ಲ ಎಂದು ನಾನು ಹೇಳುವುದಿಲ್ಲ. ಬೇರೆಯವರ ಹಣಕ್ಕೆ ಲೆಕ್ಕ ಕೊಡಲೇಬೇಕು. ಆದರೆ ಸಣ್ಣ ಅನುದಾನದಲ್ಲಿ ಒಂದು ವಿಚಿತ್ರ ಅಸಮತೋಲನವಿದೆ: ಮೊತ್ತ ಕಡಿಮೆಯಾದ ಮಾತ್ರಕ್ಕೆ ಕಾಗದಪತ್ರ ಕಡಿಮೆಯಾಗುವುದಿಲ್ಲ. ಪರಿಸರದ ಕೆಲಸಗಳಿಗೆ ಹಣ ಒದಗಿಸುವ ಅಂತರರಾಷ್ಟ್ರೀಯ ನಿಧಿಯಾದ ಜಾಗತಿಕ ಪರಿಸರ ಸೌಲಭ್ಯದ (ಜಿಇಎಫ್) ಸಣ್ಣ ಅನುದಾನ ಕಾರ್ಯಕ್ರಮ 1992ರಲ್ಲಿ ಆರಂಭವಾದದ್ದು. ಅದರಲ್ಲಿ ಸಮುದಾಯ ಸಂಘಟನೆಗಳಿಗೆ 50,000 ಡಾಲರ್‌ವರೆಗಿನ ಮೊತ್ತವೂ ಸಣ್ಣದೆಂದೇ ಎಣಿಕೆಯಾಗುತ್ತಿತ್ತು. ನಮ್ಮಲ್ಲಿ ಅದರ ಸಣ್ಣ ತುಣುಕಿನಷ್ಟು ಪಡೆಯುವ ತಂಡವೂ ಅರ್ಜಿ, ಒಪ್ಪಂದ, ಮಧ್ಯಂತರ ವರದಿ, ಅಂತಿಮ ವರದಿ, ಬಳಕೆ ಪ್ರಮಾಣಪತ್ರ, ಪ್ರತಿ ಖರ್ಚಿಗೆ ರಸೀದಿ, ಎಲ್ಲವನ್ನೂ ಕೊಡಬೇಕು. ಮೊದಲ ವರ್ಷದಲ್ಲಂತೂ ಮೊದಲು ಖರ್ಚು ಮಾಡಿ, ರಸೀದಿ ತೋರಿಸಿ, ಆಮೇಲೆ ಹಣ ಪಡೆಯಿರಿ ಎಂಬ ನಿಯಮವಿತ್ತು. ಸುರಕ್ಷಿತ ನಿಯಮವೆಂದೇ ನಾವು ತಿಳಿದಿದ್ದೆವು. ಆ ವರ್ಷ ಕೆಲಸ ಮುಗಿಸಿದವರೆಲ್ಲ ಮನೆಯಿಂದ ಮುಂಗಡ ತರಬಲ್ಲವರೇ ಎಂಬುದು ವರ್ಷ ಕಳೆದ ಮೇಲೆ ಗೊತ್ತಾಯಿತು. ಈಗ ದೊಡ್ಡ ಪಾಲನ್ನು ಮುಂಗಡವಾಗಿಯೇ ಕೊಡುತ್ತೇವೆ.

ಅದಾದ ಮೇಲೂ ಒಂದು ಘಟನೆ ನಡೆಯಿತು. ಒಂದು ತಂಡದ ಖರ್ಚಿನ ಕಡತದಲ್ಲಿ ಮೂರು ವೋಚರುಗಳು ನನ್ನ ಕಣ್ಣಿಗೆ ಬಿದ್ದವು. ಮೂರು ಬೇರೆ ಬೇರೆ ತಿಂಗಳ ದಿನಾಂಕ, ಆದರೆ ಬಿಲ್ ಸಂಖ್ಯೆಗಳು ಒಂದರ ಬೆನ್ನಿಗೊಂದು. ಮೂರರಲ್ಲೂ ಏಳು ಎಂಬ ಅಂಕಿಯ ಮಧ್ಯೆ ಎಳೆದ ಅಡ್ಡಗೆರೆ ಒಂದೇ ಕೈಯದು. ತಂಡದ ಸಂಚಾಲಕನನ್ನು ಕರೆಸಿದೆ. ಅವನು ಒಂದು ಕ್ಷಣವೂ ವಾದಿಸಲಿಲ್ಲ. ತಂಡದ ಒಬ್ಬ ಹುಡುಗ ನಡೆಯಲು ಊರುಗೋಲು ಬಳಸುತ್ತಾನೆ, ಅವನನ್ನು ಸಭೆಗೆ ಕರೆದುಕೊಂಡು ಬಂದು ಬಿಡಲು ಪ್ರತಿವಾರ ಬಾಡಿಗೆ ವಾಹನ ಬೇಕಿತ್ತು. ಸದಸ್ಯರ ಪ್ರಯಾಣವೆಚ್ಚಕ್ಕೆ ಅವಕಾಶವಿಲ್ಲ ಎಂದು ನಮ್ಮ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಇತ್ತು, ಆದ್ದರಿಂದ ಲೇಖನ ಸಾಮಗ್ರಿಯ ಹೆಸರಿನಲ್ಲಿ ಬಿಲ್ ಮಾಡಿಸಿದೆವು ಎಂದ. "ಅವನನ್ನು ಬಿಟ್ಟು ಸಭೆ ಮಾಡೋಕೆ ಮನಸ್ಸಾಗಲಿಲ್ಲ" ಎಂದೂ ಸೇರಿಸಿದ. ಸುಳ್ಳು ಬಿಲ್ಲನ್ನು ನಾನು ಒಪ್ಪಿಕೊಳ್ಳಲು ಬರುತ್ತಿರಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ಆದರೆ ಆ ಹುಡುಗರಿಗೆ ಬದುಕಿನ ಮೊದಲ ಸುಳ್ಳು ಲೆಕ್ಕ ಬರೆಯುವುದನ್ನು ಕಲಿಸಿದ್ದು ನನ್ನ ಮಾರ್ಗಸೂಚಿಯ ಒಂದು ಸಾಲು. ಅವರು ನನ್ನನ್ನು ಕೇಳಬಹುದಿತ್ತಲ್ಲ ಎಂದು ಮೊದಲು ಅನ್ನಿಸಿತು. ಕೇಳಿದ್ದರೆ ನಾನು ಇಲ್ಲ ಎನ್ನುತ್ತಿದ್ದೆ ಎಂಬುದು ಆಮೇಲೆ ಹೊಳೆಯಿತು.

ಈ ಎರಡು ಘಟನೆಗಳನ್ನು ಜೊತೆಗಿಟ್ಟು ನೋಡಿದಾಗ ನನಗೆ ನಿದ್ದೆ ಬಾರದ ರಾತ್ರಿಗಳಿದ್ದವು. ಒಬ್ಬರು ಲೆಕ್ಕ ಸರಿಹೊಂದಿಸಲು ಸುಳ್ಳು ಬರೆದರು, ನಾನು ಅವರನ್ನು ಕರೆಸಿ ಬುದ್ಧಿ ಹೇಳಿದೆ. ಇನ್ನೊಬ್ಬಳು ಇದ್ದದ್ದನ್ನು ಇದ್ದ ಹಾಗೆ ಹೇಳಿ ಹಣ ಮರಳಿಸಲು ಬಂದಳು, ಲೆಕ್ಕ ಸರಿಹೊಂದಿಸು ಎಂದು ನಾನೇ ಹೇಳಿಕೊಟ್ಟೆ.

ಹಾಜರಿ ಪುಸ್ತಕದ ಅಂಚು

ಅವಳು ನನ್ನ ಮಾತು ಕೇಳಲಿಲ್ಲ. ನಾಲ್ಕನೆಯ ದಿನ ತಂಡದ ಇನ್ನೊಬ್ಬಳನ್ನು ಜೊತೆಗೆ ಕರೆದುಕೊಂಡು ಕಚೇರಿಗೇ ಬಂದಳು. ಕೈಯಲ್ಲಿ ಒಂದು ಉದ್ದನೆಯ ಹಾಜರಿ ಪುಸ್ತಕವಿತ್ತು. ಮೊದಲ ವಾರ 22 ಮಕ್ಕಳ ಹೆಸರಿನ ಮುಂದೆ ಗುರುತು. ಮೂರನೆಯ ವಾರಕ್ಕೆ 9. ಆರನೆಯ ವಾರಕ್ಕೆ 4. ಅಷ್ಟೇ ಆಗಿದ್ದರೆ ಅದು ಸೋತ ಯೋಜನೆಯೊಂದರ ಹಾಜರಿ ಪುಸ್ತಕವಾಗಿರುತ್ತಿತ್ತು. ಆದರೆ ಪುಟದ ಅಂಚಿನಲ್ಲಿ, ಬಾರದೆ ಹೋದ ಪ್ರತಿಯೊಂದು ಮಗುವಿನ ಹೆಸರಿನ ನೇರಕ್ಕೆ, ಪೆನ್ಸಿಲಿನಲ್ಲಿ ಚಿಕ್ಕ ಅಕ್ಷರಗಳ ಟಿಪ್ಪಣಿಗಳಿದ್ದವು. "ತಮ್ಮನನ್ನು ನೋಡಿಕೊಳ್ಳಬೇಕು." "ಅಮ್ಮ ಕೆಲಸದಿಂದ ಬರುವವರೆಗೆ ಮನೆ ಬಿಡುವ ಹಾಗಿಲ್ಲ." "ಪಾಪು ಚಿಕ್ಕದು." "ತಂಗಿ ಅಳುತ್ತಾಳೆ." ಬಾರದೆ ಹೋದ ಮಕ್ಕಳ ಮನೆಗಳಿಗೆಲ್ಲ ಐದೂ ಜನ ಸರದಿಯಲ್ಲಿ ಹೋಗಿ ಕೇಳಿಕೊಂಡು ಬಂದಿದ್ದರು.

"ಕೋಣೆ ಇಲ್ಲ ಅನ್ನೋದು ಅವರ ಸಮಸ್ಯೆ ಅಂದುಕೊಂಡಿದ್ವಿ ಮೇಡಂ" ಎಂದಳು ಜೊತೆಯಲ್ಲಿ ಬಂದಿದ್ದವಳು. "ಸಂಜೆ ಹೊತ್ತು ಅವರೇ ಮನೆಯ ದೊಡ್ಡವರು ಅಂತ ಗೊತ್ತಿರಲಿಲ್ಲ." ಚಿಕ್ಕ ಮಕ್ಕಳನ್ನೂ ಕೋಣೆಗೆ ಕರೆತನ್ನಿ ಎಂದು ಎರಡು ವಾರ ಪ್ರಯತ್ನಿಸಿದ್ದರಂತೆ, ಗಲಾಟೆಯಲ್ಲಿ ಯಾರಿಗೂ ಓದಲಾಗಲಿಲ್ಲ. ಕೊನೆಗೆ ಐದೂ ಜನ ಮನೆಗಳನ್ನು ಹಂಚಿಕೊಂಡು, ವಾರಕ್ಕೆ ಎರಡು ಸಂಜೆ ಮಕ್ಕಳ ಮನೆಗೇ ಹೋಗಿ ಕೂರುವುದೆಂದು ತೀರ್ಮಾನಿಸಿದ್ದರು. ಒಬ್ಬರು ಪುಟ್ಟ ಮಗುವನ್ನು ಎತ್ತಿಕೊಂಡರೆ ದೊಡ್ಡ ಮಗು ಅಷ್ಟು ಹೊತ್ತು ಓದಿಕೊಳ್ಳುತ್ತದೆ. ಅದಕ್ಕೆ ಬಾಡಿಗೆ ಬೇಡ, ಬೆಂಚು ಬೇಡ. ಹಣ ಉಳಿದದ್ದು ಹೀಗೆ.

ಹಲವು ವರ್ಷಗಳ ಈ ಕೆಲಸದಲ್ಲಿ ನಾನು ಓದಿದ ಅತ್ಯುತ್ತಮ ವರದಿ ಆ ಪೆನ್ಸಿಲಿನ ಟಿಪ್ಪಣಿಗಳು. ಅದನ್ನು ಸೇರಿಸಲು ನಮ್ಮ ನಮೂನೆಯಲ್ಲಿ ಜಾಗವಿರಲಿಲ್ಲ. ಫಲಾನುಭವಿಗಳ ಸಂಖ್ಯೆ: ಗುರಿ 30, ಸಾಧನೆ 4. ಮುಂದಿನ ಸುತ್ತಿನಲ್ಲಿ ಅದೇ ತಂಡ ಬೇರೊಂದು ಯೋಜನೆಯೊಂದಿಗೆ ಅರ್ಜಿ ಹಾಕಿತು. ಹಿಂದಿನ ಅನುದಾನದ ನಿರ್ವಹಣೆಗೆ 20 ಅಂಕಗಳಿದ್ದವು. ಅವರಿಗೆ ಸಿಕ್ಕಿದ್ದು 5. ಆಯ್ಕೆಯಾಗಲಿಲ್ಲ. ಆ ಪಟ್ಟಿಗೆ ಸಹಿ ಹಾಕಿದವಳು ನಾನೇ. ನನಗೆ ಆಗ ಹಾಜರಿ ಪುಸ್ತಕದ ಅಂಚು ಚೆನ್ನಾಗಿಯೇ ನೆನಪಿತ್ತು, ಆದರೂ ನಿಯಮ ಎಲ್ಲರಿಗೂ ಒಂದೇ ಆಗಿರಬೇಕಲ್ಲವೇ ಎಂದು ಸಮಾಧಾನ ಹೇಳಿಕೊಂಡೆ.

ಮಕ್ಕಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರ ಅಭಿಪ್ರಾಯಕ್ಕೆ ತಕ್ಕ ಮನ್ನಣೆ ಸಿಗಬೇಕೆಂದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ನಮ್ಮ ಮಾರ್ಗಸೂಚಿಯ ಮೊದಲ ಪುಟದಲ್ಲೇ ಅದರ ಪ್ರಸ್ತಾಪವಿತ್ತು. ಅದನ್ನು ಅಕ್ಷರಶಃ ನಡೆಸಿಕೊಟ್ಟವರು ಆ ಐದು ಜನ: ಮಕ್ಕಳನ್ನು ಕೇಳಿದರು, ಕೇಳಿದ್ದಕ್ಕೆ ತಕ್ಕಂತೆ ತಮ್ಮ ಯೋಜನೆಯನ್ನೇ ಕೈಬಿಟ್ಟರು.

ಹೊಸ ನಮೂನೆ

ಈ ವರ್ಷ ನಮೂನೆಯನ್ನು ಬದಲಾಯಿಸಿದ್ದೇವೆ. ಅಂತಿಮ ವರದಿ ಎರಡೇ ಪುಟ. ಮೊದಲ ಪ್ರಶ್ನೆ, ಅರ್ಜಿ ಬರೆದಾಗ ನೀವು ಅಂದುಕೊಂಡದ್ದರಲ್ಲಿ ಯಾವುದು ತಪ್ಪಾಗಿತ್ತು, ಅದು ಹೇಗೆ ಗೊತ್ತಾಯಿತು ಎಂಬುದು. ಬರೆಯಲು ಬಾರದವರು ಧ್ವನಿಮುದ್ರಿಸಿ ಕಳಿಸಬಹುದು. ಸದಸ್ಯರ ಪ್ರಯಾಣವೆಚ್ಚಕ್ಕೆ ಅವಕಾಶವಿದೆ. ಬಜೆಟ್ಟಿನ ಒಂದು ಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ಬಳಸಲು ಒಂದು ಸಂದೇಶ ಕಳಿಸಿದರೆ ಸಾಕು. ಮರಳಿ ಬಂದ ಹಣಕ್ಕೆ ಪ್ರತ್ಯೇಕ ಕಾಲಂ ಇದೆ, ಮತ್ತು ಹಣ ಮರಳಿಸಿದ್ದಕ್ಕಾಗಿ ಮುಂದಿನ ಸುತ್ತಿನಲ್ಲಿ ಅಂಕ ಕಳೆಯುವಂತಿಲ್ಲ. ಆಯ್ಕೆ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅನುದಾನದ ವಯೋಮಿತಿಯೊಳಗಿನವರು.

ಇದೆಲ್ಲ ಸುಲಭವಾಗಿ ಆಗಲಿಲ್ಲ. ದಾನಿಗಳ ಪ್ರತಿನಿಧಿಯೊಬ್ಬರು ಎತ್ತಿದ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರ ಇನ್ನೂ ಇಲ್ಲ. ಕಷ್ಟ ಬಂದ ಕೂಡಲೇ ಹಣ ಮರಳಿಸಿ ಕೈತೊಳೆದುಕೊಳ್ಳುವ ದಾರಿಯನ್ನೂ ನೀವು ತೆರೆದಿಡುತ್ತಿಲ್ಲವೇ ಎಂದು ಅವರು ಕೇಳಿದರು. ಹಾಗೂ ಆಗಬಹುದು. ಅಂಚಿನಲ್ಲಿ ಟಿಪ್ಪಣಿ ಬರೆದ ತಂಡವನ್ನೂ ಎರಡು ವಾರ ಪ್ರಯತ್ನಿಸಿ ಬಿಟ್ಟುಬಿಟ್ಟ ತಂಡವನ್ನೂ ಕಾಗದದ ಮೇಲೆ ಬೇರ್ಪಡಿಸುವುದು ಕಷ್ಟ. ಹೋಗಿ ನೋಡಬೇಕು, ಕೂತು ಮಾತಾಡಬೇಕು. ಅದಕ್ಕೆ ಸಮಯ ಬೇಕು, ಜನ ಬೇಕು, ಮತ್ತು ಅದರ ವೆಚ್ಚ ಆಡಳಿತ ವೆಚ್ಚವೆಂದು ಎಣಿಕೆಯಾಗುತ್ತದೆ. ಅದನ್ನು ಆದಷ್ಟು ಕಡಿಮೆ ಮಾಡಿ ಎಂಬುದು ಎಲ್ಲ ದಾನಿಗಳ ಒತ್ತಾಯ. ಈ ಗಂಟು ಬಿಡಿಸಲು ನನಗಿನ್ನೂ ಆಗಿಲ್ಲ.

ಹೊಸ ನಮೂನೆ ಅಚ್ಚಾಗಿ ಬಂದ ದಿನ ಆ ಹುಡುಗಿಗೆ ಫೋನ್ ಮಾಡಿದೆ. ಅವಳಿಗೀಗ 21. ಎರಡು ವರ್ಷದ ಹಿಂದೆ ನಾನು ಹೇಳಿದ್ದು ತಪ್ಪಾಗಿತ್ತು ಎಂದು ಹೇಳಿ, ಬದಲಾವಣೆಗಳನ್ನು ವಿವರಿಸಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ತಂಡದಲ್ಲಿ ಈಗ ಮೂವರಿದ್ದಾರೆ, ಇಬ್ಬರು ಓದಿಗೆಂದು ಬೇರೆಡೆ ಹೋಗಿದ್ದಾರೆ, ಮನೆಗಳಿಗೆ ಹೋಗುವುದು ವಾರಕ್ಕೆ ಒಂದು ಸಂಜೆಯಾದರೂ ನಡೆದಿದೆ ಎಂದಳು. ಆಮೇಲೆ ಕೇಳಿದಳು, "ಹಾಗಾದರೆ ನಮ್ಮ ಹಳೆಯ ವರದಿಯಲ್ಲೂ ಅದನ್ನು ತಿದ್ದುತ್ತೀರಾ, ಮೇಡಂ?"

ಮುಚ್ಚಿದ ಕಡತವನ್ನು ತಿದ್ದಲು ಬರುವುದಿಲ್ಲ ಎಂದು ಲೆಕ್ಕಪತ್ರ ವಿಭಾಗದವರು ಹೇಳಿದರು, ಅದು ಸರಿಯೂ ಹೌದು. ಟಿಪ್ಪಣಿಯೊಂದನ್ನು ಲಗತ್ತಿಸಬಹುದು ಎಂದರು. ಹಾಜರಿ ಪುಸ್ತಕವನ್ನು ಅವಳು ಜೋಪಾನವಾಗಿ ಇಟ್ಟಿದ್ದಳು. ಆ ಪುಟಗಳನ್ನು, ಅಂಚು ಕತ್ತರಿಸಿಹೋಗದ ಹಾಗೆ, ದೊಡ್ಡ ಹಾಳೆಯ ಮೇಲೆ ನೆರಳಚ್ಚು ಮಾಡಿಸಿ, ಮಕ್ಕಳ ಹೆಸರುಗಳನ್ನು ಮುಚ್ಚಿ, ನನ್ನ ಸಹಿಯೊಂದಿಗೆ ಕಡತಕ್ಕೆ ಸೇರಿಸಿದ್ದೇನೆ. ಪೆನ್ಸಿಲಿನ ಅಕ್ಷರಗಳು ನೆರಳಚ್ಚಿನಲ್ಲಿ ಮಸುಕಾಗಿವೆ. ಒಂದೆರಡು ಕಡೆ ಓದಲಾಗದ್ದನ್ನು ಅವಳನ್ನು ಕೇಳಿ, ಪಕ್ಕದಲ್ಲಿ ಶಾಯಿಯಲ್ಲಿ ಬರೆದಿದ್ದೇನೆ.